ಸಿಮೆಂಟ್ ಓಬಣ್ಣನ ಮುಖ

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಾಡಿನಲ್ಲಿ ಯಾರ್ಯಾರಿಗೋ ಏನೇನೋ ಅನುಕೂಲವಾಗಿದೆ. ವರ್ಷಗಟ್ಟಲೆ ತವರು ಕಾಣದವರು ತವರಿಗೆ ಹೋಗಿಬಂದರು, ಹಿರಿಯೂರು ದಾಟದವರು ಧರ್ಮಸ್ಥಳ ಕಂಡುಬಂದರು. ಆದಿವಾಲದ ಓಬಣ್ಣನೊಬ್ಬನಿಗೆ ಮಾತ್ರ ಅದು ಕುತ್ತಿಗೆಗೆ ಬಂತು.

ಯಾಕೆಂದರೆ "ಬಸ್ ಚಾರ್ಜಿಗೆ ಎಲ್ಲಿಂದ ತರ್ಲಿ, ಮುಂದಿನ ವರ್ಷ ನೋಡಾಣ" ಎಂಬ ಒಂದೇ ಮಾತನ್ನು ಹಿಡಿದುಕೊಂಡು ಅವನು ಇಪ್ಪತ್ತೆರಡು ವರ್ಷ ದೂಡಿದ್ದ. ಹೆಂಡತಿ ಕಾಳಕ್ಕ ಕೇಳುತ್ತಿದ್ದದ್ದು ಕಾಶಿ ರಾಮೇಶ್ವರವನ್ನಲ್ಲ. ಹೊಳಲ್ಕೆರೆ ದಾಟಿ ಬಿ.ದುರ್ಗದ ದಾರಿಯಲ್ಲಿ, ಒಂದು ಗುಡ್ಡದ ಬುಡದಲ್ಲಿ ಮಠದವರು ಮಾಡಿಸಿದ್ದ ಶರಣವನ ಎಂಬ ತೋಟವನ್ನು. ಹಳೇ ಕಾಲದ ಶರಣರೆಲ್ಲ ಅಲ್ಲಿ ಆಳೆತ್ತರದ ಸಿಮೆಂಟ್ ಮೂರ್ತಿಗಳಾಗಿ, ಮರದ ನೆರಳಲ್ಲಿ ತಮ್ಮ ತಮ್ಮ ಕಾಯಕ ಮಾಡಿಕೊಂಡಿದ್ದಾರೆ. ಮಾಚಯ್ಯ ಬಟ್ಟೆ ಒಗೆಯುತ್ತಾನೆ, ಚೌಡಯ್ಯ ದೋಣಿ ನಡೆಸುತ್ತಾನೆ, ಚಂದಯ್ಯ ಹಗ್ಗ ಹೊಸೆಯುತ್ತಾನೆ. ಅವರ ನಡುವೆ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜೆ ಮಾಡಿದ ಕುರಿಗಾಹಿ ಶರಣ, ವೀರಗೊಲ್ಲಾಳ. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಒಂದು ಟಗರು.

ಆ ಗೊಲ್ಲಾಳನ ಮುಖ ತನ್ನದೇ ಎಂದು ಓಬಣ್ಣ ಇಡೀ ಊರಿಗೆ ಹೇಳಿದ್ದ.

ಹೇಳಿದ್ದರಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ. ಓಬಣ್ಣನದು ಕುರಿ ಸಾಕುವ ಮನೆತನ. ಬೇಸಿಗೆ ಬಂತೆಂದರೆ ಮೇವು ಹುಡುಕಿಕೊಂಡು ಹಿಂಡು ಹೊಡೆದುಕೊಂಡು ಊರೂರು ತಿರುಗುವುದು ಅವರ ಪದ್ಧತಿ. ಹಾಗೆ ಒಂದು ಬೇಸಿಗೆಯಲ್ಲಿ ಆ ಗುಡ್ಡದ ಬುಡದಲ್ಲಿ ಹಿಂಡು ತಂಗಿದ್ದಾಗ, ಮೂರ್ತಿ ಮಾಡುವ ಮೇಸ್ತ್ರಿ ಬಂದು "ಕುರಿಗಾಹಿ ಹೆಂಗೆ ನಿಲ್ತಾನೆ ಅಂತ ತೋರ್ಸಪ್ಪ" ಎಂದು ಕೇಳಿದ್ದ. ಓಬಣ್ಣ ಹನ್ನೊಂದು ದಿನ ನಿಂತ. ಮುಖ ಕೂರಿಸುವ ಮೊದಲೇ ಹಿಂಡು ಮುಂದಕ್ಕೆ ಹೊರಟಿತು. ಊರಿಗೆ ಬಂದವನೇ ಅರಳಿಕಟ್ಟೆಯ ಮೇಲೆ ಕೂತು ವಿಷಯ ಸಾರಿದ. ಅಂದಿನಿಂದ ಅವನು ಸಿಮೆಂಟ್ ಓಬಣ್ಣನಾದ. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿ ಸಿಕ್ಕಿತು. ಬದುವಿನ ಜಗಳ, ದಾಯಾದಿ ಜಗಳ ಬಂದರೆ "ಶರಣರ ಮುಖ ಇರೋನು, ಸುಳ್ಳಾಡಲ್ಲ" ಎಂದು ಸಾಕ್ಷಿಗೆ ಅವನನ್ನೇ ಕರೆಯತೊಡಗಿದರು. ಕುರಿ ಹಿಂದೆ ಅಲೆಯುವ ಒಬ್ಬ ಬಡಕಲು ಮನುಷ್ಯನಿಗೆ ಇದಕ್ಕಿಂತ ಇನ್ನೇನು ಬೇಕು?

ವರ್ಷ ಕಳೆದ ಮೇಲೆ ಒಂದು ದಿನ ಅವನು ಯಾರಿಗೂ ಹೇಳದೆ, ತನ್ನನ್ನು ತಾನು ನೋಡಿಕೊಂಡು ಬರಲು ಒಬ್ಬನೇ ಹೋದ. ನೋಡಿದರೆ ಗೊಲ್ಲಾಳನದು ಗುಂಡು ಮುಖ, ಹೋಳಿಗೆಯಂತೆ ಉಬ್ಬಿದ ಕೆನ್ನೆ, ಹುರಿ ಮೀಸೆ. ಓಬಣ್ಣನದು ಉದ್ದ ಮುಖ, ಒಳಗೆ ಹೋದ ಕೆನ್ನೆ, ಮೀಸೆ ಎಂದು ಕರೆಯಬಹುದಾದ ನಾಲ್ಕು ಕೂದಲು. ಒಂದು ಗಳಿಗೆ ಆ ಮುಖವನ್ನು ದುರುಗುಟ್ಟಿ ನೋಡಿ, ಅಲ್ಲಿ ನೀರು ಕೂಡ ಕುಡಿಯದೆ ತಿರುಗಿ ಬಂದುಬಿಟ್ಟ. ಮುಖ ಬಿಟ್ಟು ಇನ್ನೇನನ್ನೂ ನೋಡಲಿಲ್ಲ. ಅವತ್ತು ಇನ್ನೆರಡು ನಿಮಿಷ ನಿಂತು ಸುತ್ತಮುತ್ತ ಕಣ್ಣು ಹಾಯಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತನ್ನ ಮುಖ ಹುಡುಕುವವನಿಗೆ ಬೇರೆಯದು ಎಲ್ಲಿ ಕಾಣುತ್ತದೆ ಹೇಳಿ.

ಹೀಗಿರುವಾಗ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಮಮತಾ ಒಂದು ಭಾನುವಾರ ಸಂಜೆ ಮನೆ ಬಾಗಿಲಿಗೆ ಬಂದು ನಿಂತಳು.

"ಕಾಳಕ್ಕ, ನಾಳೆ ಸಂಘದೋರೆಲ್ಲ ಶರಣವನಕ್ಕೆ ಹೋಗಾಣ ಅಂತ ಮಾಡೀವಿ. ಆಧಾರ್ ಕಾರ್ಡ್ ಒಂದು ಇಟ್ಕಂಡ್ರೆ ಸಾಕು. ಓಬಣ್ಣಾರೇ, ನೀವು ಬರ್ಲೇಬೇಕು. ನಿಮ್ ಮುಖ ಯಾವುದು ಅಂತ ನೀವೇ ತೋರ್ಸ್ಬೇಕಲ್ಲ."

"ಸೋಮವಾರ ಅಲ್ಲಿ ಬಾಗ್ಲು ಹಾಕಿರ್ತಾರಮ್ಮ" ಎಂದ ಓಬಣ್ಣ.

"ಫೋನ್ ಮಾಡಿ ಕೇಳೀನಿ. ಸೋಮವಾರಾನೇ ಬರ್ರಿ, ದಾಸೋಹ ಐತೆ ಅಂದ್ರು."

ರಾತ್ರಿ ಊಟದ ಹೊತ್ತಿಗೆ ಅವನಿಗೆ ಸೊಂಟ ಹಿಡಿದುಕೊಂಡಿತು. ಕಾಳಕ್ಕ ಹರಳೆಣ್ಣೆ ಬಿಸಿ ಮಾಡಿ ತಂದು, ರಾಗಿ ಹಿಟ್ಟು ನಾದಿದ ಹಾಗೆ ನಾದಿದಳು. ಇಲ್ಲದ ನೋವೂ ಬಂದಂತಾಗಿ, "ಸಾಕು ಬಿಡೇ, ಹೋಯ್ತು" ಎಂದು ಅವನೇ ಎದ್ದು ಕೂತ. ಪಕ್ಕದ ಮನೆಯ ನಿಂಗಪ್ಪ, ಹಿಟ್ಟಿನ ಗಿರಣಿಯವನು, ಗೋಡೆಯ ಮೇಲಿಂದ ಇಣುಕಿ, "ನಾನೂ ಬರ್ತೀನಪ್ಪ. ಗಿರಣಿಗೆ ನಾಳೆ ರಜಾ. ಇಪ್ಪತ್ತೆರಡು ವರ್ಷ ಕಿವೀಲಿ ಕೇಳೀನಿ, ಒಂದ್ಸಲ ಕಣ್ಣಲ್ಲಿ ನೋಡ್ಬೇಕು" ಎಂದ.

ಬೆಳಿಗ್ಗೆ ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಚಿತ್ರದುರ್ಗದ ಬಸ್ಸು ಹತ್ತಿದರು. ಹತ್ತು ಮಂದಿ ಹೆಂಗಸರು, ಇಬ್ಬರು ಗಂಡಸರು. ಊಟದ ಚೀಲ ಓಬಣ್ಣನ ತೊಡೆಯ ಮೇಲಿತ್ತು. ದಾಸೋಹವಿದ್ದರೂ ಕಾಳಕ್ಕ ನಸುಕಿನಲ್ಲೇ ಎದ್ದು ಶೇಂಗಾ ಹೋಳಿಗೆ ಮಾಡಿದ್ದಳು. "ನಿನ್ ಮುಖ ನೋಡೋ ದಿನ, ಬಾಯಿ ಸಿಹಿ ಮಾಡ್ಕಬೇಕು ಮಾವ" ಎಂದಿದ್ದಳು.

ಮಾವ ಎಂದರೆ ನಿಜಕ್ಕೂ ಮಾವನೇ. ಕಾಳಕ್ಕ ಅವನ ಸ್ವಂತ ಅಕ್ಕ ಯಲ್ಲಕ್ಕನ ಮಗಳು. ಜವನಗೊಂಡನಹಳ್ಳಿಯಿಂದ ಅವಳನ್ನು ಕೊಟ್ಟು ಕಳಿಸುವಾಗ ಯಲ್ಲಕ್ಕ ತಮ್ಮನ ಕಿವಿ ಹಿಂಡಿ, "ನನ್ ಮಗಳ ಕಣ್ಣಲ್ಲಿ ನೀರು ಬಂದ್ರೆ ನೋಡು" ಎಂದಿದ್ದಳು. ಅಕ್ಕ ಎಂದರೆ ಓಬಣ್ಣನಿಗೆ ಐವತ್ತೈದು ದಾಟಿದರೂ ಹೆದರಿಕೆ.

ಬಸ್ಸು ಊರಾಚೆ ಬಂದಾಗ ರಸ್ತೆ ಪಕ್ಕದಲ್ಲಿ ಒಂದು ಕುರಿ ಹಿಂಡು ಕಾಣಿಸಿತು. ಮುಂದೆ ಒಂದು ಟಗರು ಕತ್ತೆತ್ತಿಕೊಂಡು ಹೋಗುತ್ತಿತ್ತು. ಕಾಳಕ್ಕ ಕತ್ತು ಚಾಚಿ, ಹಿಂಡು ಕಣ್ಮರೆಯಾಗುವ ತನಕ ನೋಡಿದಳು.

"ನಮ್ ಮೊಂಡನೂ ಹಿಂಗೇ ನಡೀತಿತ್ತು ಕಣಮ್ಮ ಮಮತಾ" ಎಂದಳು. "ಮದುವೆ ಆಗಿ ಬರೋವಾಗ ನಮ್ಮವ್ವ ಕೊಟ್ಟ ಮರಿ. ಬಸ್ನಲ್ಲಿ ತೊಡೆ ಮೇಲೆ ಮಲಗಿಸ್ಕಂಡು ಬಂದಿದ್ದೆ. ನಾನು ಅಳ್ತಾ ಕುಂತಿದ್ರೆ ಅದು ನನ್ನ ಬಳೆ ನೆಕ್ತಾ ಇತ್ತು. ಎಡಗೊಂಬು ತುದಿ ಮುರಿದಿತ್ತಲ್ಲ, ಅದಕ್ಕೇ ಮೊಂಡ ಅಂತ ಹೆಸ್ರಿಟ್ಟೆ. ಕೊರಳಿಗೆ ಕವಡೆ ಸರ ಪೋಣಿಸಿ ಕಟ್ಟಿದ್ದೆ. ನಡುವಿನ ಕವಡೆ ಒಡೆದೋಯ್ತು ಅಂತ ಮಾವನ ಮದುವೆ ಕೋಟಿನ ದಪ್ಪ ಗುಂಡಿ ಕಿತ್ತು ಹಾಕಿದ್ದೆ. ಆ ಗುಂಡಿಗಾಗಿ ನನ್ನ ಹತ್ರ ಎಂಟು ದಿನ ಮಾತು ಬಿಟ್ಟಿದ್ದ ಈತ."

"ಆಮೇಲೆ ಏನಾಯ್ತು ಅದು?"

"ಇನ್ನೇನು, ಐದು ವರ್ಷ ಸಾಕಿದ್ವಿ. ಮೇವಿಗೆ ಹೋಗಿದ್ದಾಗ ಯುಗಾದಿ ಅಮಾಸೆ ಕತ್ಲಲ್ಲಿ ತೋಳ ಹೊತ್ಕಂಡೋಯ್ತಂತೆ. ಮಾವ ಬಂದು ಹೇಳಿದ. ಇವತ್ಗೂ ಆ ಅಮಾಸೆ ದಿನ ನಾನು ಒಲೆ ಹಚ್ಚಲ್ಲ."

ಹೌದು, ಹಚ್ಚುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಯುಗಾದಿ ಅಮಾವಾಸ್ಯೆಯಂದು ಕಾಳಕ್ಕ ಬಾಗಿಲ ಹೊರಗೆ ಒಂದು ಹಿಡಿ ಹುರುಳಿ, ಒಂದು ಬಟ್ಟಲು ನೀರು ಇಟ್ಟು ಉಪವಾಸ ಕೂರುತ್ತಿದ್ದಳು. ಅವಳ ಜೊತೆ ಓಬಣ್ಣನಿಗೂ ಉಪವಾಸ. ಈ ಮಾತು ಬಂದಾಗಲೆಲ್ಲ ಅವನು ಬೇರೆ ಕಡೆ ನೋಡುವುದು ವಾಡಿಕೆ. ಈಗಲೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಒಂದೊಂದಾಗಿ ಎಣಿಸತೊಡಗಿದ. ಅವನು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರಿಂದ ನಾವೂ ಸದ್ಯಕ್ಕೆ ಬಿಡೋಣ.

ಚಿತ್ರದುರ್ಗದಲ್ಲಿ ಇಳಿದ ಕೂಡಲೇ ಓಬಣ್ಣ ಕೊನೆಯ ಪ್ರಯತ್ನ ಮಾಡಿದ.

"ಇಷ್ಟು ದೂರ ಬಂದೀವಿ, ಕೋಟೆ ನೋಡ್ಕಂಡೇ ಹೋಗಾಣ. ಏಳು ಸುತ್ತು ನೋಡಕ್ಕೆ ಸಂಜೆ ಆಗ್ತೈತೆ. ಚೆನ್ನಾಗಿರ್ತೈತೆ."

"ಕೋಟೆ ಎಲ್ಲಿಗೂ ಓಡೋಗಲ್ಲ ಕಣಪ್ಪ" ಎಂದ ನಿಂಗಪ್ಪ. "ಸ್ಕೂಲಲ್ಲಿದ್ದಾಗಿಂದ ನೋಡ್ತಿದೀನಿ. ನಿನ್ ಮುಖ ನೋಡಿಲ್ಲ. ಹೊಳಲ್ಕೆರೆ ಬಸ್ ನಿಂತೈತೆ, ಹತ್ತು."

ಹೊಳಲ್ಕೆರೆಯಿಂದ ಇನ್ನೊಂದು ಬಸ್ಸು ಹಿಡಿದು ಶರಣವನದ ಕಮಾನಿನ ಮುಂದೆ ಇಳಿದಾಗ ಹನ್ನೊಂದು ಗಂಟೆ. ಒಳಗೆ ಕಾಲಿಡುತ್ತಲೇ ಓಬಣ್ಣ ನಿಂತುಬಿಟ್ಟ. ಹೆದರಿಕೆ ಒಂದರಿಂದಲೇ ಅಲ್ಲ. ಅವನು ಹಿಂಡು ನಿಲ್ಲಿಸಿದ್ದಾಗ ಇಲ್ಲಿ ಬರೀ ಕಲ್ಲು, ಪಾಪಾಸುಕಳ್ಳಿ. ಮೊಣಕಾಲೆತ್ತರದ ಹೊಂಗೆ ಸಸಿಗಳಿಗೆ ಮುಳ್ಳು ಕಟ್ಟಿದ್ದರು, ಕುರಿ ಬಾಯಿ ಹಾಕೀತೆಂದು ಅವನನ್ನೇ ಬೈದಿದ್ದರು. ಆ ಸಸಿಗಳೆಲ್ಲ ಈಗ ಹೆಮ್ಮರಗಳು. ನೆಲದ ತುಂಬ ಹೊಂಗೆ ಹೂವು ಉದುರಿತ್ತು. ಯಾವುದೋ ಹಕ್ಕಿ ಕೂಗುತ್ತಿತ್ತು. ಮಾತಾಡಬಾರದೆಂದು ಯಾರೂ ಹೇಳದಿದ್ದರೂ ಹೆಂಗಸರೆಲ್ಲ ದನಿ ತಗ್ಗಿಸಿದರು. ಮೂವತ್ತು ದಾಟಿದ ವಯಸ್ಸಿನ ತಾನು ಇಲ್ಲೇ ಎಲ್ಲೋ ಕಂಬಳಿ ಹಾಸಿ ಮಲಗಿದ್ದೇನೆ, ಹುಡುಕಿದರೆ ಸಿಕ್ಕಿಯೇನು ಎಂದು ಅನ್ನಿಸಿ ಓಬಣ್ಣನ ಕಣ್ಣು ಒದ್ದೆಯಾಯಿತು.

ಆದರೆ ಅಳುತ್ತ ನಿಲ್ಲುವ ಹೊತ್ತಲ್ಲ ಅದು. "ನೀವು ಮಾಚಯ್ಯನ್ನ ನೋಡ್ಕಂಡು ನಿಧಾನಕ್ಕೆ ಬರ್ರಿ, ನಾನು ಊಟಕ್ಕೆ ಜಾಗ ನೋಡ್ತೀನಿ" ಎಂದು ಚೀಲದ ಸಮೇತ ಮುಂದಕ್ಕೆ ಓಡಿದ.

ಗೊಲ್ಲಾಳನ ಹತ್ತಿರದ ಮರದಡಿಯಲ್ಲಿ ಹಣ್ಣುಹಣ್ಣು ಮುದುಕನೊಬ್ಬ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ಮುರುಗಪ್ಪ ಎಂದು ಹೆಸರು, ತೋಟ ಹುಟ್ಟಿದಾಗಿನಿಂದ ಮಾಲಿ. ಓಬಣ್ಣ ಪಕ್ಕದಲ್ಲಿ ಕೂತು, ಹೋಳಿಗೆ ಗಂಟು ಬಿಚ್ಚಿ ಮುಂದಿಟ್ಟ.

"ಮೆತ್ತಗವೆ ತಾತ, ಹಲ್ಲು ಬೇಕಾಗಲ್ಲ. ತಿನ್ರಿ. ನನ್ನದೊಂದು ಮಾನ ಉಳಿಸ್ಬೇಕು."

ಮುದುಕ ಒಂದು ಹೋಳಿಗೆ ತಿಂದು, "ನಿನ್ನನ್ನ ಎಲ್ಲೋ ನೋಡೀನಲ್ಲಪ್ಪ" ಎಂದ. ಇನ್ನೊಂದು ತಿಂದು, "ಹೇಳು" ಎಂದ.

"ಈಗ ನಮ್ಮೋರು ಬರ್ತಾರೆ. ಈ ಗೊಲ್ಲಾಳನ ಮುಖ ಮೊದ್ಲು ನಂದೇ ಇತ್ತು, ಆಮೇಲೆ ಮರದ ಕೊಂಬೆ ಬಿದ್ದು ಒಡೆದೋಯ್ತು, ಬೇರೆ ಮುಖ ಕೂರ್ಸಿದ್ರು ಅಂತ ಒಂದು ಮಾತು ಹೇಳಿದ್ರೆ ಸಾಕು."

"ಸುಳ್ಳು ನನ್ ಬಾಯಲ್ಲಿ ಬರಲ್ಲಪ್ಪ. ಮಠದ ಅನ್ನ ತಿಂದೋನು."

ಓಬಣ್ಣ ಮೂರನೆಯ ಹೋಳಿಗೆ ಮುಂದಿಟ್ಟ. ಮುರುಗಪ್ಪ ಅದನ್ನೂ ತಿಂದು, ಬಹಳ ಹೊತ್ತು ಯೋಚಿಸಿ ಹೇಳಿದ.

"ಕೊಂಬೆ ಬಿದ್ದಿದ್ದು ನಿಜ. ಆದ್ರೆ ಬಿದ್ದಿದ್ದು ಮಾಚಯ್ಯನ ಕತ್ತೆ ಮೇಲೆ. ಎಲ್ಲಿಗೆ ಬಿತ್ತು ಅಂತ ಹೇಳ್ದೆ, ಕೊಂಬೆ ಬಿತ್ತು ಅಂತ ಮಾತ್ರ ಹೇಳ್ತೀನಿ. ಅದು ಸುಳ್ಳಾಗಲ್ಲ."

"ಸಾಕು ತಾತ" ಎಂದು ಓಬಣ್ಣ ಉಳಿದ ಹೋಳಿಗೆಯನ್ನೂ ಅವನ ಟವೆಲ್ಲಿಗೆ ಸುರಿದ.

ಅಷ್ಟರಲ್ಲಿ ಎಲ್ಲರೂ ಬಂದರು. ಬಂದು ಗೊಲ್ಲಾಳನ ಮುಂದೆ ಸಾಲಾಗಿ ನಿಂತು, ಒಮ್ಮೆ ಅವನನ್ನು, ಒಮ್ಮೆ ಓಬಣ್ಣನನ್ನು ನೋಡಿದರು. ನಿಂಗಪ್ಪ ಮಾತ್ರ ಗಿರಣಿಯಲ್ಲಿ ಕಾಳು ಪರೀಕ್ಷೆ ಮಾಡುವವನಂತೆ ಕಣ್ಣು ಕಿರಿದು ಮಾಡಿ ಸುತ್ತು ಹೊಡೆದ.

"ಎಲ್ಲೈತಪ್ಪ ನಿನ್ ಮುಖ? ಇದನ್ನ ನೋಡಿದ್ರೆ ಹೊಟ್ಟೆ ತುಂಬ ಉಂಡೋನು. ನಿನ್ ಕೆನ್ನೇಲಿ ಒಂದು ಸೇರು ರಾಗಿ ಹಿಡೀತೈತೆ. ಮೀಸೆ ಬೇರೆ."

"ಅದು ಈಗಿನ ಮುಖ. ನಂದು ಹಳೇದು. ಬೇಕಾದ್ರೆ ತಾತನ್ನ ಕೇಳ್ರಿ" ಎಂದ ಓಬಣ್ಣ.

ಎಲ್ಲರೂ ಮುರುಗಪ್ಪನ ಕಡೆ ತಿರುಗಿದರು. ಮುದುಕ ಬಾಯೊರೆಸಿಕೊಂಡು, "ಕೊಂಬೆ ಬಿತ್ತು" ಎಂದ.

"ಯಾವ ಕೊಂಬೆ?"

"ಮರದ ಕೊಂಬೆ. ದೊಡ್ಡದು. ಗಾಳಿ ಮಳೆ ದಿನ. ಒಡೆದೋಯ್ತು. ಆಮೇಲೆ ಹೊಸಾದಾಗಿ ಮಾಡಿ ಕೂರ್ಸಿದ್ರು." ಇಷ್ಟು ಹೇಳಿ ಅವನು ಪೈಪಿನ ಕಡೆ ನೋಡಿದ. ಒಂದೂ ಸುಳ್ಳಿರಲಿಲ್ಲ. ಎಲ್ಲ ಕತ್ತೆಯ ವಿಷಯ.

"ಅಯ್ಯೋ ಪಾಪ, ಮುಖಾನೇ ಹೋಯ್ತಾ" ಎಂದರು ಹೆಂಗಸರು. ಓಬಣ್ಣನಿಗೆ ಇಪ್ಪತ್ತೆರಡು ವರ್ಷದ ಹೊರೆ ಒಂದೇ ಏಟಿಗೆ ಇಳಿದಂತಾಯಿತು. ಮಮತಾ ಅವನನ್ನು ಗೊಲ್ಲಾಳನ ಪಕ್ಕದಲ್ಲಿ ನಿಲ್ಲಿಸಿ, ಹೆಗಲಿಗೆ ಕಂಬಳಿಯಂತೆ ತನ್ನ ಶಾಲು ಹೊದಿಸಿ, ಕೈಗೆ ಮುರುಗಪ್ಪನ ಗುದ್ದಲಿ ಕಾವು ಕೊಟ್ಟು ಫೋಟೊ ಹಿಡಿದಳು. ಹೊಸದುರ್ಗದ ಕಡೆಯಿಂದ ಬಂದಿದ್ದ ಒಂದು ಕುಟುಂಬದ ಅಜ್ಜಿ, ಇವರ್ಯಾರೋ ದೊಡ್ಡವರಿರಬೇಕೆಂದು ಬಗ್ಗಿ ಓಬಣ್ಣನ ಕಾಲು ಮುಟ್ಟಿ, ಮೂರ್ತಿಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಅವನ ಕೊರಳಿಗೇ ಹಾಕಿತು. ಹಾರ ಬಿದ್ದ ಮೇಲೆ ಮನುಷ್ಯ ಸುಮ್ಮನಿರುವುದು ಕಷ್ಟ. ಓಬಣ್ಣನ ಬಾಯಿಯ ಬೀಗ ಕಳಚಿತು.

"ಇನ್ನೂ ಅನುಮಾನ ಇದ್ರೆ ಆ ಕಲ್ಲು ಓದಪ್ಪ ನಿಂಗಪ್ಪ" ಎಂದ, ಪೀಠದಲ್ಲಿ ಕೆತ್ತಿದ ಅಕ್ಷರ ತೋರಿಸಿ. ಓಬಣ್ಣನಿಗೆ ಓದಲು ಬಾರದು. ಆದರೆ ಆ ಕಲ್ಲು ಕೂರಿಸಿದಾಗ ಮೇಸ್ತ್ರಿ ಓದಿ ಹೇಳಿದ್ದು ನೆನಪಿತ್ತು.

ನಿಂಗಪ್ಪ ಬಗ್ಗಿ, ಗಟ್ಟಿಯಾಗಿ ಓದಿದ. "ಈ ಮೂರ್ತಿಯ ಕೆಲಸವು ಬಸವ ಜಯಂತಿಯ ಶುಭದಿನದಂದು ಆರಂಭವಾಯಿತು."

"ಕೇಳ್ರಿ. ಬಸವ ಜಯಂತಿ ಬೆಳಿಗ್ಗೆ. ನಾನಿಲ್ದಿದ್ರೆ ನನಗೆ ಹೆಂಗೆ ಗೊತ್ತಿರ್ತಿತ್ತು? ಅವತ್ತಿಂದ ಹನ್ನೊಂದು ದಿನ ಬಿಸ್ಲಲ್ಲಿ ಅಲ್ಲಾಡ್ದೆ ನಿಂತಿದ್ವಿ. ನಾನು ಈ ಕಡೆ, ಟಗರು ಆ ಕಡೆ."

"ಮಾವ" ಎಂದಳು ಕಾಳಕ್ಕ.

ಇಷ್ಟು ಹೊತ್ತೂ ಅವಳು ಗಂಡನ ಮುಖ ಹುಡುಕುವುದರಲ್ಲಿ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಅವಳು ಸಿಮೆಂಟ್ ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಅದರ ಮುಖದ ಧೂಳು ಒರೆಸುತ್ತಿದ್ದಳು. ಎಡಗೊಂಬು ಒರೆಸಿದಳು. ಅದರ ತುದಿ ಮುರಿದಿತ್ತು, ಒಡೆದು ಹೋದದ್ದಲ್ಲ, ಹಾಗೆಯೇ ಮಾಡಿದ್ದು. ಕೊರಳಿನ ಕವಡೆ ಸರ ಒರೆಸಿದಳು. ಒಂದೊಂದೇ ಕವಡೆ ಮುಟ್ಟುತ್ತ ಬಂದು ನಡುವಿನಲ್ಲಿ ಅವಳ ಬೆರಳು ನಿಂತಿತು.

"ಮಾವ, ಇಲ್ಲಿ ಬಾ. ಈ ಗುಂಡಿ ಯಾರದು?"

ಓಬಣ್ಣ ಬಂದು ಬಗ್ಗಿ ನೋಡಿದ. ಕವಡೆಗಳ ನಡುವೆ ದಪ್ಪನೆಯ ಕೋಟಿನ ಗುಂಡಿ, ನಾಲ್ಕು ತೂತು, ತೂತಿನಲ್ಲಿ ಅಡ್ಡಡ್ಡ ಹಾಕಿದ ದಾರ ಕೂಡ. ಮೇಸ್ತ್ರಿ ಒಂದು ಎಳೆಯನ್ನೂ ಬಿಟ್ಟಿರಲಿಲ್ಲ. ಆ ಇಡೀ ಮೂರ್ತಿಯಲ್ಲಿ ಓಬಣ್ಣನದು ಎನ್ನುವಂಥದ್ದು ಅದೊಂದೇ ಇತ್ತು.

"ಯುಗಾದಿ ಅಮಾಸೆಗೆ ತೋಳ ಹೊತ್ಕಂಡೋಯ್ತು ಅಂದಿದ್ದಿ" ಎಂದಳು ಕಾಳಕ್ಕ. ಅವಳ ದನಿ ಏರಿರಲಿಲ್ಲ. "ಬಸವ ಜಯಂತಿ ಬರೋದು ಯುಗಾದಿ ಆಗಿ ಒಂದು ತಿಂಗ್ಳಿಗೆ. ತೋಳ ತಿಂದ ಮೇಲೆ ನಮ್ ಮೊಂಡ ಇಲ್ಲಿ ಬಂದು ಹನ್ನೊಂದು ದಿನ ನಿಂತಿತ್ತಾ?"

ಓಬಣ್ಣ ಕೊರಳಿನ ಹಾರವನ್ನು ಮುಟ್ಟಿಕೊಂಡು, "ಅದು... ಮಠದ ಟಗರು ಕಣೇ. ನಮ್ದರ ಥರಾನೇ ಇತ್ತು" ಎಂದ.

ಇದನ್ನು ಕೇಳಿ ಮುರುಗಪ್ಪನಿಗೆ ತಡೆಯಲಾಗಲಿಲ್ಲ. ಪೈಪು ಕೆಳಗೆ ಹಾಕಿ ಎದ್ದು ಬಂದ.

"ಮಠದಾಗೆ ಟಗರು ಯಾರು ಸಾಕ್ತಾರವ್ವ. ಈಗ ನೆನಪಾಯ್ತು, ಈತನೇ. ಟಗರು ಹಿಡ್ಕಂಡು ಬಂದಿದ್ದು ಈತನೇ. ಹೋಗೋ ದಿನ ಮೇಸ್ತ್ರಿ ಕೈಗೆ ಹಗ್ಗ ಕೊಟ್ಟು, ಟಗರು ನೀನೇ ಇಟ್ಕೊ, ಮುಖ ಮಾತ್ರ ನಂದೇ ಚೆನ್ನಾಗಿ ಮಾಡು ಅಂತ ಹೇಳೋಗಿದ್ದ. ನಾನು ಇಲ್ಲೇ ಸಸಿಗೆ ನೀರು ಹಾಕ್ತಿದ್ದೆ."

"ಕೊಟ್ರೂ ಮುಖ ಮಾಡ್ಲಿಲ್ವಾ ತಾತ?" ಎಂದು ನಿಂಗಪ್ಪ ಕೇಳಿದ. ಇಂಥ ಪ್ರಶ್ನೆ ಅವನಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ?

"ಹೆಂಗೆ ಮಾಡ್ತಾನಪ್ಪ. ಟಗರು ಹನ್ನೊಂದು ದಿನ ಕಲ್ಲು ನಿಂತಂಗೆ ನಿಂತಿತ್ತು. ಈತ ಒಂದು ಗಳಿಗೆ ಬಾಯಿ ಮುಚ್ಲಿಲ್ಲ. ಈತನ ಮುಖ ಒಂದು ಕಡೆ ನಿಂತ್ರೆ ತಾನೇ ಮಾಡೋದು ಅಂತ ಮೇಸ್ತ್ರಿ ತಲೆ ಚಚ್ಕಂತಿದ್ದ. ಕೊನೆಗೆ ತನ್ನ ಮಾವನ ಮುಖ ಮಾಡಿ ಕೂರ್ಸಿದ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಓಬಣ್ಣ ಹಾರ ತೆಗೆದು, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡ. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಮುಖ ಹೋದದ್ದಕ್ಕಲ್ಲ. ಇಪ್ಪತ್ತೆರಡು ಅಮಾವಾಸ್ಯೆ ಬಾಗಿಲ ಹೊರಗೆ ಹುರುಳಿ ಇಟ್ಟು ಕೂತವಳ ಬೆನ್ನು ನೆನಪಾಗಿ.

"ಕೊಯ್ದು ತಿಂದ್ನಾ ತಾತ, ಆ ಮೇಸ್ತ್ರಿ?" ಕಾಳಕ್ಕ ಟಗರಿನ ಕೊರಳು ತಬ್ಬಿಕೊಂಡೇ ಕೇಳಿದಳು.

"ಶಿವ ಶಿವ, ಇಲ್ಲವ್ವ. ಆತ ಮಾಂಸ ಮುಟ್ಟೋನಲ್ಲ. ಇಷ್ಟು ಚೆನ್ನಾಗಿ ನಿಲ್ಲೋ ಟಗರು ಎಲ್ಲಿ ಸಿಗ್ತೈತೆ ಅಂತ ಲಾರೀಲಿ ಹತ್ತಿಸ್ಕಂಡು ಹೋದ. ಅದನ್ನ ನಿಲ್ಲಿಸ್ಕಂಡು ಇನ್ನೂ ನಾಕು ಊರಾಗೆ ಟಗರು ಮಾಡಿದ್ನಂತೆ. ವಯಸ್ಸಾಗಿ, ನೆರಳಲ್ಲಿ ಮಲಗಿದ್ದಂಗೇ ಹೋಯ್ತಂತೆ. ಫೋನ್ನಾಗೆ ಹೇಳಿ ಅತ್ತಿದ್ದ ಮೇಸ್ತ್ರಿ."

ಕಾಳಕ್ಕನೂ ಅತ್ತಳು. ಆದರೆ ಅದು ಅಮಾವಾಸ್ಯೆಯ ಅಳುವಾಗಿರಲಿಲ್ಲ. ಮೂಗೊರೆಸಿಕೊಂಡು, ಬಳೆಯ ಕೈಯನ್ನು ಟಗರಿನ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಊಟದ ಚೀಲ ಎಳೆದುಕೊಂಡು ಒಳಗೆ ಕೈಹಾಕಿದಳು.

"ಒಂದು ಹೋಳಿಗೆ ಇಡಾಣ ಅಂದ್ರೆ... ಹೋಳಿಗೆ ಎಲ್ಲೋದ್ವು?"

ಮುರುಗಪ್ಪ ಟವೆಲ್ಲಿನ ಗಂಟು ಬಿಚ್ಚಿ ಮುಂದಿಟ್ಟ. ಇದಕ್ಕೂ ಯಾರೂ ವಿವರಣೆ ಕೇಳಬೇಕಾಗಲಿಲ್ಲ. ಕಾಳಕ್ಕ ಒಂದು ಹೋಳಿಗೆಯನ್ನು ಟಗರಿನ ಕಾಲ ಬಳಿ ಇಟ್ಟಳು. ಗಂಡನ ಕೈಯಲ್ಲಿದ್ದ ಹಾರವನ್ನು ತೆಗೆದುಕೊಂಡು ಅದರ ಕೊರಳಿಗೆ ಹಾಕಿದಳು. ಉಳಿದ ಹೋಳಿಗೆಯನ್ನು ಎಲ್ಲರಿಗೂ ಹಂಚಿದಳು. ಓಬಣ್ಣನ ಮುಂದೆ ಬರುವಷ್ಟರಲ್ಲಿ ಗಂಟು ಖಾಲಿಯಾಗಿತ್ತು.

"ಮಮತಾ, ಇನ್ನೊಂದು ಫೋಟೊ ತೆಗಿಯಮ್ಮ" ಎಂದಳು. "ಟಗರು ಪೂರ್ತಿ ಬರ್ಲಿ. ಪಕ್ಕದೋರು ಬರ್ದಿದ್ರೂ ನಡೀತೈತೆ. ಗೋಡೆಗೆ ಹಾಕ್ಬೇಕು."

"ಹಂಗಾದ್ರೆ ಮುಂದಿನ ತಿಂಗ್ಳು ಆ ನಾಕು ಊರಿಗೂ ಹೋಗಾಣ ಬಿಡಿ ಕಾಳಕ್ಕ" ಎಂದಳು ಮಮತಾ, ಮುರುಗಪ್ಪನನ್ನು ಕೇಳಿ ಫೋನಿನಲ್ಲೇ ಊರುಗಳ ಹೆಸರು ಬರೆದುಕೊಳ್ಳುತ್ತ. "ಬಸ್ಸಿಗೇನು ಚಿಂತೆ ಇಲ್ಲ. ಓಬಣ್ಣಾರೂ ಬರ್ಲಿ, ದಾರಿ ತೋರ್ಸ್ತಾರೆ."

"ಕಾಳಿ, ಆಗಿದ್ದಾಯ್ತು ಕಣೇ" ಎಂದು ಓಬಣ್ಣ ಮೆಲ್ಲಗೆ ಶುರು ಮಾಡಿದ. "ಬುದ್ಧಿ ಇರ್ಲಿಲ್ಲ ಆವಾಗ. ನಿನ್ ಮುಂದೆ ದೊಡ್ಡೋನು ಅನ್ನಿಸ್ಕಬೇಕು ಅಂತ ಮಾಡ್ದೆ. ತಪ್ಪಾಯ್ತು. ಊರಲ್ಲಿ ಏನಾರ ಅಂದ್ಕಳ್ಳಿ, ಅಕ್ಕಂಗೆ ಮಾತ್ರ ಹೇಳ್ಬೇಡ."

ಕಾಳಕ್ಕ ಅವನನ್ನು ಒಂದು ಕ್ಷಣ ನೋಡಿದಳು. ಕಣ್ಣಂಚಿನಲ್ಲಿ ಇನ್ನೂ ನೀರಿತ್ತು, ತುಟಿಯಲ್ಲಿ ಸಣ್ಣ ನಗುವೂ ಇತ್ತು. ಆಮೇಲೆ ಸೊಂಟದ ಚೀಲದಿಂದ ಫೋನು ತೆಗೆದು, ಜವನಗೊಂಡನಹಳ್ಳಿಯ ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

"ಅವ್ವ, ನಾನು ಕಾಳಿ. ನಮ್ ಮೊಂಡ ಸಿಕ್ಕಿದ... ಹ್ಞೂ, ನೀನು ಕೊಟ್ಟಿದ್ದೇ. ಚೆನ್ನಾಗವ್ನೆ, ನೆರಳಲ್ಲಿ ನಿಂತವ್ನೆ. ನಿನ್ನನ್ನೂ ಒಂದಿನ ಕರ್ಕಂಡ್ ಬರ್ತೀನಿ... ಏನು, ತೋಳಾನಾ?"

ಅವಳು ಗಂಡನ ಕಡೆ ತಿರುಗಿದಳು.

"ತೋಳಾನೂ ಸಿಕ್ತು ಅವ್ವ. ಇಲ್ಲೇ ಪಕ್ಕದಲ್ಲಿ ನಿಂತೈತೆ. ತಡಿ, ಕೊಡ್ತೀನಿ, ನೀನೇ ಮಾತಾಡು."